ಕಾಯುವ ಕೋಣೆಯ ಕನ್ನಡಿ

ಹೊಸ ಮೀನಿನಷ್ಟು ನಾಟಕ ಆಡುವ ಪ್ರಾಣಿ ಇನ್ನೊಂದಿಲ್ಲ. ಗಾಜಿನ ಆಚೆ ಮನುಷ್ಯರ ಮುಖ ಕಂಡರೆ ಸಾಕು, ಇವತ್ತೋ ನಾಳೆಯೋ ಅನ್ನುವಂತಿದ್ದದ್ದೂ ರೆಕ್ಕೆ ಬಿಚ್ಚಿ ನೆಟ್ಟಗೆ ನಿಲ್ಲುತ್ತದೆ. ಸಮುದ್ರದಲ್ಲಿ ಸೊರಗಿದ ಹಾಗೆ ಕಂಡದ್ದೇ ಮೊದಲ ತುತ್ತು, ಆ ಭಯ ಅದರ ರಕ್ತದಲ್ಲೇ ಇದೆ. ಅದಕ್ಕೇ ನಾನು ಹೊಸ ಮೀನಿನ ಎದುರು ಕೂರುವುದಿಲ್ಲ. ತೊಟ್ಟಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು, ಅಪ್ಪ ಗಡ್ಡ ಮಾಡಿಕೊಳ್ಳುತ್ತಿದ್ದ ದುಂಡು ಕನ್ನಡಿಯನ್ನು ಮುಖದ ಮುಂದೆ ಹಿಡಿದು, ಅದರೊಳಗೆ ನೋಡುತ್ತೇನೆ. ಸ್ವಲ್ಪ ಹೊತ್ತಿಗೆ ಮೀನು ನನ್ನನ್ನು ಮರೆಯುತ್ತದೆ. ಆಮೇಲೆ ಅದರ ಬಂಡವಾಳ ಒಂದೊಂದಾಗಿ ಬಯಲಾಗುತ್ತದೆ.

ಬಾಯಿ ತೆರೆದು ಏದುಸಿರು ಬಿಡುತ್ತಿದೆಯೇ, ಒಂದು ಕಿವಿರನ್ನು ಮಾತ್ರ ಆಡಿಸುತ್ತ ಇನ್ನೊಂದನ್ನು ಮುಚ್ಚಿಕೊಂಡಿದೆಯೇ, ಪಂಪಿನ ನೀರು ನುಗ್ಗುವ ಕಡೆಗೇ ಮುಖ ಮಾಡಿ ನಿಂತಿದೆಯೇ, ಪೈಪಿಗೆ ಮೈ ಉಜ್ಜುತ್ತಿದೆಯೇ, ಬಾಯಿಗೆ ಹಾಕಿಕೊಂಡದ್ದನ್ನು ಉಗುಳುತ್ತಿದೆಯೇ, ಇದನ್ನೆಲ್ಲ ಕನ್ನಡಿ ಹೇಳುತ್ತದೆ. ಆಮೇಲೆ ಪರದೆ ಎಳೆದು ಟಾರ್ಚನ್ನು ಓರೆಯಾಗಿ ಹಿಡಿದು ಮೈ ನೋಡುತ್ತೇನೆ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಇದ್ದರೆ ಅದೊಂದು ಪೀಡೆ. ಚಿನ್ನದ ಪುಡಿ ಚಿಮುಕಿಸಿದ ಹಾಗೆ ಮಿನುಗಿದರೆ ಅದು ಇನ್ನೊಂದು, ಮೊದಲನೆಯದರ ಅಪ್ಪ. ಅದು ಹೊಕ್ಕ ತೊಟ್ಟಿಯಲ್ಲಿ ಕೆಲವೇ ದಿನಕ್ಕೆ ಮೀನು ಅನ್ನುವುದೇ ಉಳಿಯುವುದಿಲ್ಲ.

ನಮ್ಮದು ಉಪ್ಪುನೀರಿನ ಪ್ರಾಣಿಗಳ ಅಂಗಡಿ. ನಮ್ಮದು ಅಂದರೆ ನನ್ನ ತಮ್ಮನದು. ಮುಂದಿನ ಕೋಣೆಯಲ್ಲಿ ಹವಳದ ದೊಡ್ಡ ತೊಟ್ಟಿ, ನೀಲಿ ಬೆಳಕು, ಗಿರಾಕಿಗಳು. ಹಿಂದಿನ ಕೋಣೆಯಲ್ಲಿ ಬರೀ ಗಾಜು, ಬರೀ ಪೈಪು, ಮತ್ತು ನಾನು. ಪೆಟ್ಟಿಗೆಯಿಂದ ಇಳಿದ ಮೀನು ನೇರವಾಗಿ ಮುಂದಿನ ಕೋಣೆಗೆ ಹೋಗುವಂತಿಲ್ಲ. ನನ್ನ ಹತ್ತಿರ ಕಾಯಬೇಕು, ನಾನು ಹೂಂ ಅಂದ ಮೇಲೆ ಮುಂದಕ್ಕೆ. ಕಾಯುವ ಕೋಣೆ ಅಂತಲೇ ಅದರ ಹೆಸರು. ಗಿರಾಕಿಗಳು ನನಗಿಟ್ಟ ಹೆಸರು ಕನ್ನಡಿ ಅಕ್ಕ. ನನ್ನ ತಮ್ಮ ಅಂಗಡಿಯ ಬಾಗಿಲ ಮೇಲೆ ಒಂದು ಬೋರ್ಡನ್ನೂ ಬರೆಸಿದ್ದ: ‘ಅಕ್ಕ ನೋಡಿ ಒಪ್ಪಿದ ಮೀನು’. ಬೇಡ ಕಣೋ ಅಂದಿದ್ದೆ. ಒಳಗೊಳಗೇ ಖುಷಿಯಾಗಿತ್ತು, ಯಾಕೆ ಸುಳ್ಳು ಹೇಳಲಿ.

ತಮ್ಮನನ್ನು ನಾನು ಗುಂಡ ಅನ್ನುತ್ತೇನೆ. ಚಿಕ್ಕವನಿದ್ದಾಗ ಉರುಟುರುಟಾಗಿದ್ದ. ಈಗ ಗಾಳಿಗೆ ಹಾರಿಹೋಗುವ ಹಾಗಿದ್ದಾನೆ, ಆದರೂ ಗುಂಡನೇ. ಅಮ್ಮ ಹೋದಾಗ ಅವನಿಗೆ ಶೂ ದಾರ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ಅವನ ಬಟ್ಟೆ ಒಗೆದದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ ಕೂತದ್ದು ನಾನು. ಹಾಗಂತ ಅವನು ನನ್ನ ಋಣದಲ್ಲಿದ್ದಾನೆ ಅಂತ ಯಾವತ್ತೂ ಅಂದುಕೊಂಡವಳಲ್ಲ. ಜಗತ್ತಿನಲ್ಲಿ ಒಬ್ಬ ಮನುಷ್ಯನನ್ನಾದರೂ ಕನ್ನಡಿ ಇಲ್ಲದೆ ನೋಡಬಹುದು ಅಂದುಕೊಂಡಿದ್ದೆ, ಅಷ್ಟೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಗಿರಾಕಿಗಳಿಗೂ ಗೊತ್ತು. ಬಾಗಿಲಲ್ಲಿ ನಿಂತು ‘ಆ ಹಳದಿಯದ್ದು ಇವತ್ತೇ ಬೇಕು’ ಅಂದವರಿಗೆ ‘ಹಳದಿ ಬಣ್ಣ ಬೇಕಿದ್ದರೆ ಬಣ್ಣದಂಗಡಿಗೆ ಹೋಗಿ’ ಅಂದವಳು ನಾನು. ಗುಂಡ ಹಿಂದಿನಿಂದ ಬಂದು, ‘ಅಕ್ಕ ಹಾಗೇ, ತಪ್ಪು ತಿಳ್ಕೋಬೇಡಿ’ ಅಂತ ಹಲ್ಲು ಗಿಂಜುತ್ತಿದ್ದ. ಬೈಯಲು ಒಬ್ಬಳು, ಸಮಾಧಾನ ಮಾಡಲು ಒಬ್ಬ. ಅಂಗಡಿ ಹಾಗೇ ನಡೆದಿತ್ತು.

ಮೊದಲ ಪೆಟ್ಟು ಬಿದ್ದದ್ದು ಲೆಕ್ಕದ ಮೇಷ್ಟ್ರ ಮನೆಯಿಂದ. ಮೇಷ್ಟ್ರು ಕೆಲಸದಿಂದ ನಿವೃತ್ತರಾದವರು, ಒಂಟಿ. ಅವರ ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಒಂದು ಹಳೆಯ ಮೀನಿತ್ತು. ಅದಕ್ಕೆ ಮುದುಕಿ ಅಂತ ಹೆಸರಿಟ್ಟಿದ್ದರು. ಮುದುಕಿ ಅವರ ಬೆರಳನ್ನು ಕಚ್ಚುತ್ತಿತ್ತು, ಅವರು ಅದನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸುತ್ತಿದ್ದರು. ಮುದುಕಿಗೆ ಜೊತೆ ಬೇಕು ಅಂತ ನಮ್ಮಲ್ಲಿಂದ ಒಂದು ಮರಿಮೀನನ್ನು ಒಯ್ದರು. ನಾನೇ ನೋಡಿದ್ದು, ನಾನೇ ಹೂಂ ಅಂದದ್ದು. ಕೆಲವು ದಿನಕ್ಕೆ ಮರಿಯ ಮೈ ಮೇಲೆ ಚಿನ್ನದ ಪುಡಿ. ಆಮೇಲೆ ಮುದುಕಿಯ ಮೈ ಮೇಲೆ. ನಾನು ಔಷಧಿ ಹಿಡಿದು ಓಡಿಹೋಗುವ ಹೊತ್ತಿಗೆ ಮುದುಕಿ ಪಂಪಿನ ಬಾಯಿಗೆ ಮುಖ ಒತ್ತಿಕೊಂಡು ಬಿದ್ದಿತ್ತು.

ಮೇಷ್ಟ್ರು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡುವವರ ಜೊತೆ ನನಗೆ ಏಗಲು ಬರುತ್ತದೆ. ಅವರು ಸುಮ್ಮನೆ ಕನ್ನಡಕ ಒರೆಸಿಕೊಂಡು, ‘ನೀವು ನೋಡಿದ್ರಿ ಅಂದ್ಮೇಲೆ ನಾನು ನೋಡೋಕೆ ಹೋಗ್ಲಿಲ್ಲ’ ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ತೊಟ್ಟಿಯಲ್ಲಿ ಮೀನಿಲ್ಲದೆ ಪೀಡೆ ತಾನಾಗಿ ಸಾಯುವವರೆಗೆ ಕಾಯಿರಿ, ಎರಡು ಮೂರು ತಿಂಗಳು ಹಿಡಿಯುತ್ತದೆ ಅಂತ ಅವರಿಗೆ ಹೇಳಿ ಬಂದೆ. ಬರೀ ನೀರು, ಬರೀ ಕಲ್ಲು. ಆ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಖಾಲಿ ತೊಟ್ಟಿಯ ಗಾಜು ಒರೆಸುತ್ತಿದ್ದರಂತೆ.

ಆಮೇಲೆ ಇನ್ನೂ ಎರಡು ಕಡೆಯಿಂದ ಅದೇ ಸುದ್ದಿ ಬಂತು. ನಾನು ಒಪ್ಪಿದ ಮೀನು, ಅವರ ಮನೆಯಲ್ಲಿ ಪೀಡೆ. ನನ್ನ ಕನ್ನಡಿ, ನನ್ನ ಟಾರ್ಚು, ನನ್ನ ಕಣ್ಣು ಎಲ್ಲವೂ ನನಗೆ ಕೈಕೊಟ್ಟ ಹಾಗಾಯಿತು. ಒಂದು ಸಂಜೆ ಕಾಯುವ ಕೋಣೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಗುಂಡ ಬಂದು ಪಕ್ಕದಲ್ಲಿ ಕೂತ.

‘ಅಕ್ಕಾ, ಒಂದ್ ಮಾತ್ ಹೇಳ್ತೀನಿ, ಬೈಬಾರ್ದು.’

‘ಬೈಯೋ ಮಾತಾದ್ರೆ ಬೈತೀನಿ.’

‘ನಿನ್ನ ಕಣ್ಣು ತೋರಿಸ್ಕೊಂಡು ಬರೋಣ. ವಯಸ್ಸಾಗುತ್ತಲ್ಲ. ಅದು ನಿನ್ನ ತಪ್ಪಲ್ಲ.’

ಅದನ್ನು ಅವನು ಎಷ್ಟು ಮೆಲ್ಲಗೆ ಹೇಳಿದ ಅಂದರೆ, ನನಗೆ ಬೈಯಲು ಬಾಯಿ ಬರಲಿಲ್ಲ. ಬದಲಿಗೆ ಅತ್ತುಬಿಟ್ಟೆ. ಅಪ್ಪ ಸತ್ತಾಗಲೂ ಅವನೆದುರು ಅತ್ತವಳಲ್ಲ ನಾನು. ಅವನು ನನ್ನ ಬೆನ್ನು ಸವರಿದ.

ಕಣ್ಣಿನ ಡಾಕ್ಟರು ನನ್ನ ಗಲ್ಲವನ್ನು ಒಂದು ಯಂತ್ರದ ಮೇಲೆ ಇರಿಸಿ ಬೆಳಕು ಬಿಟ್ಟು ನೋಡಿದರು. ‘ಎರಡೂ ಕಣ್ಣಲ್ಲಿ ಪೊರೆ ಶುರುವಾಗಿದೆ. ಈಗಿನ್ನೂ ತೆಳು. ಕೆಲಸಕ್ಕೆ ತೊಂದ್ರೆ ಆಗ್ತಿದ್ರೆ ತೆಗೆಯೋಣ, ಇಲ್ಲಾಂದ್ರೆ ಒಂದೆರಡು ವರ್ಷ ಕಾಯಬಹುದು,’ ಅಂದರು. ಹೇಳಿ ನನ್ನ ಮುಖ ನೋಡಿದರು. ಉತ್ತರ ನಾನು ಕೊಡಬೇಕಿತ್ತು.

‘ತೊಂದ್ರೆ ಆಗ್ತಿದೆ ಡಾಕ್ಟ್ರೇ,’ ಅಂದ ಗುಂಡ.

ಮೊದಲು ಬಲಗಣ್ಣು, ಅದು ವಾಸಿಯಾದ ಮೇಲೆ ಎಡಗಣ್ಣು ಅಂತ ನಿಶ್ಚಯವಾಯಿತು. ಆಪರೇಷನ್ ದಿನ ಅವನು ಅಂಗಡಿ ಮುಚ್ಚಿ ಬಂದಿದ್ದ. ಒಳಗೆ ಕರೆಯುವವರೆಗೂ ನನ್ನ ಕೈ ಹಿಡಿದು ಕೂತಿದ್ದ. ನನಗೆ ಹೆದರಿಕೆ ಇತ್ತು, ಸುಳ್ಳು ಯಾಕೆ. ಮಕ್ಕಳಿಲ್ಲ, ಮನೆಯಿಲ್ಲ, ಇರುವ ಆಸ್ತಿ ಈ ಕಣ್ಣೊಂದೇ. ಅದರಲ್ಲಿ ಚೂರಿ ಆಡಿಸುತ್ತಾರೆ ಅಂದರೆ ಯಾರಿಗಾದರೂ ಎದೆ ಢವಢವ ಅನ್ನುತ್ತದೆ. ‘ಮೊದಲಿನ ಹಾಗೆ ಆಗ್ತೀಯ ಅಕ್ಕಾ,’ ಅಂದ. ಹೊರಗೆ ಬಂದಾಗ ನನ್ನ ಚೀಲ, ಚಪ್ಪಲಿ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ.

ಆಮೇಲೆ ದಿನಕ್ಕೆ ನಾಲ್ಕು ಹೊತ್ತು ಕಣ್ಣಿಗೆ ಹನಿ. ನನಗೆ ನನ್ನ ಕೈಯಲ್ಲಿ ಹಾಕಿಕೊಳ್ಳಲು ಬರುವುದಿಲ್ಲ, ರೆಪ್ಪೆ ಮುಚ್ಚಿಬಿಡುತ್ತೇನೆ. ಗುಂಡನೇ ಹಾಕುತ್ತಿದ್ದ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ, ತುದಿಯನ್ನು ಒಂದು ಸಲ ತಟ್ಟುತ್ತಿದ್ದ, ಕೆಳಗಿನ ತುಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಒಂದೇ ಒಂದು ಹನಿ ಬಿಡುತ್ತಿದ್ದ. ಒಂದು ದಿನವೂ ಕೈ ನಡುಗಲಿಲ್ಲ. ‘ಡಾಕ್ಟರಾಗಬೇಕಿತ್ತು ನೀನು,’ ಅಂತ ನಾನು ತಮಾಷೆ ಮಾಡುತ್ತಿದ್ದೆ. ಅವನು ನಗುತ್ತಿದ್ದ.

ಮೊದಲ ಸಲ ಬಲಗಣ್ಣಿನಿಂದ ಕಾಯುವ ಕೋಣೆ ನೋಡಿದಾಗ ಗೋಡೆ ಇಷ್ಟು ಬೆಳ್ಳಗಿತ್ತೇ ಅನ್ನಿಸಿತು. ಎಡಗಣ್ಣಿನಲ್ಲಿ ಅದೇ ಗೋಡೆ ಹಳೆಯ ಕಾಗದದ ಬಣ್ಣ. ಒಂದು ಹಳದಿ ಮೀನು ಕೆಲವು ವಾರದಿಂದ ಅಲ್ಲಿತ್ತು, ಹಲ್ಲಿನ ಡಾಕ್ಟರು ತಮ್ಮ ಕಾಯುವ ಹಾಲ್‌ಗೆ ಅಂತ ಹೇಳಿಟ್ಟದ್ದು. ಬೆನ್ನು ಹಾಕಿ ಕೂತೆ, ಕನ್ನಡಿ ಹಿಡಿದೆ, ಊಟದ ಹೊತ್ತು ಬಿಟ್ಟು ಮೂರು ದಿನ ಅದರ ಉಸಿರನ್ನೇ ನೋಡಿದೆ. ಟಾರ್ಚು ಓರೆ ಹಿಡಿದು ಮೈಯ ಇಂಚಿಂಚು ನೋಡಿದೆ. ಒಂದು ಚುಕ್ಕೆ ಇಲ್ಲ, ಒಂದು ಮಿನುಗು ಇಲ್ಲ. ಬಲಗಣ್ಣನ್ನೇ ಮುಂದೆ ಮಾಡಿ ಇನ್ನೊಮ್ಮೆ ನೋಡಿ ಹೂಂ ಅಂದೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು, ಹಲ್ಲಿನ ಡಾಕ್ಟರು ಫೋನ್ ಮಾಡಿದರು. ‘ಇಷ್ಟು ದಿನ ಮಕ್ಕಳು ನನ್ನ ನೋಡಿ ಅಳ್ತಿದ್ರು, ಈಗ ತೊಟ್ಟಿ ನೋಡಿ ಅಳ್ತಿದಾರೆ. ನಿಮ್ಮ ಹಳದಿ ಸತ್ತಿದೆ, ನಮ್ಮ ಹಳೇ ನಾಲ್ಕೂ ಮೈ ಉಜ್ತಾ ಇದಾವೆ. ಬಿಳೀ ಚುಕ್ಕೆ.’

ಫೋನ್ ಇಟ್ಟವಳು ಹಾಗೇ ಕೂತೆ. ಎಂಥ ವಿಚಿತ್ರ ನೋಡಿ, ಮೊದಲು ಬಂದದ್ದು ಸಂಕಟವಲ್ಲ, ನೆಮ್ಮದಿ. ಹೊಸ ಕಣ್ಣಿಂದ ನೋಡಿದ ಮೀನು ಇದು. ಅಂದರೆ ತಪ್ಪು ಕಣ್ಣಿನದಲ್ಲ. ನನ್ನ ಕಣ್ಣು ಮೊದಲೂ ಸರಿಯಿತ್ತು. ಮೀನಿನ ಮೈ ಮೇಲೆ ಏನೂ ಇರಲೇ ಇಲ್ಲ, ಅದಕ್ಕೇ ಕಾಣಲಿಲ್ಲ.

ನೆಮ್ಮದಿಯ ಬೆನ್ನಿಗೇ ಪ್ರಶ್ನೆ ಬಂತು. ನಮ್ಮಲ್ಲಿರುವಾಗ ಇಲ್ಲದ ಪೀಡೆ, ಮನೆ ಬದಲಾದ ಕೂಡಲೇ ಎಲ್ಲಿಂದ ಬಂತು?

ಪೀಡೆಯನ್ನು ಕೊಲ್ಲದೆ ಬರೀ ಅಡಗಿಸಿಡುವ ಒಂದೇ ಒಂದು ದಾರಿ ನನಗೆ ಗೊತ್ತು. ತಾಮ್ರದ ಔಷಧಿ. ಸರಿಯಾದ ಅಳತೆಯಲ್ಲಿ ಒಂದು ತಿಂಗಳು ಹಾಕಿದರೆ ರೋಗ ವಾಸಿಯಾಗುತ್ತದೆ. ಅರೆಬರೆ ಹಾಕಿದರೆ ಪೀಡೆ ತಲೆ ತಗ್ಗಿಸಿ ಕೂರುತ್ತದೆ, ಮೀನು ಫಳಫಳ ಅನ್ನುತ್ತದೆ, ತಾಮ್ರವಿಲ್ಲದ ನೀರಿಗೆ ಹೋದ ಕೂಡಲೇ ಮತ್ತೆ ಎದ್ದು ಕುಣಿಯುತ್ತದೆ. ನೋಡುವವರ ಕಣ್ಣಿಗೆ ಮಣ್ಣೆರಚುವ ಕೆಲಸ. ಅದಕ್ಕೇ ನನ್ನ ಕೋಣೆಗೆ ತಾಮ್ರ ತರಕೂಡದು, ರೋಗ ಕಂಡರೆ ಮಾತ್ರ ಬೇರೆ ತೊಟ್ಟಿಯಲ್ಲಿ, ನನ್ನ ಕೈಯಿಂದಲೇ ಅಂತ ನಿಯಮ ಮಾಡಿದವಳು ನಾನು.

ಆಗ ಬಸವನಹುಳುಗಳ ನೆನಪಾಯಿತು. ಮೊದಲೆಲ್ಲ ನಾನು ಪ್ರತಿ ತೊಟ್ಟಿಯಲ್ಲೂ ಒಂದೊಂದು ಸಮುದ್ರದ ಬಸವನಹುಳು ಬಿಡುತ್ತಿದ್ದೆ. ಗಾಜಿನ ಪಾಚಿ ತಿಂದುಕೊಂಡು ತಮ್ಮ ಪಾಡಿಗೆ ಇರುತ್ತಿದ್ದವು. ಮುದುಕಿ ಸಾಯುವುದಕ್ಕಿಂತ ಕೆಲವು ವಾರ ಮುಂಚೆ ಗುಂಡ ಅವನ್ನೆಲ್ಲ ಎತ್ತಿ ಮುಂದಿನ ಹವಳದ ತೊಟ್ಟಿಗೆ ಹಾಕಿದ್ದ. ‘ಗಿರಾಕಿಗಳಿಗೆ ಅಸಹ್ಯ ಆಗುತ್ತಂತೆ ಅಕ್ಕಾ, ಗಾಜು ನಾನೇ ಉಜ್ತೀನಿ,’ ಅಂದಿದ್ದ. ಪರವಾಗಿಲ್ಲವೇ, ತಮ್ಮನಿಗೆ ಕೆಲಸದ ಮೇಲೆ ಶ್ರದ್ಧೆ ಬಂತು ಅಂತ ನಾನು ಬೀಗಿದ್ದೆ. ಬಸವನಹುಳುವಿಗೆ ತಾಮ್ರ ಅಂದರೆ ವಿಷ. ಒಂದು ಚೂರು ಸಾಕು.

ಇಷ್ಟು ಹೊಳೆದ ಮೇಲೂ ನಂಬಲು ಮನಸ್ಸು ಒಪ್ಪಲಿಲ್ಲ. ಎಲ್ಲೋ ಹಿತ್ತಾಳೆಯ ಸ್ಕ್ರೂ ಇರಬೇಕು, ಯಾವುದೋ ಹೊಸ ಪಂಪಿನಿಂದ ತಾಮ್ರ ಬಿಡುತ್ತಿರಬೇಕು ಅಂತ ಮಂಡಿಯೂರಿ ತೊಟ್ಟಿಗಳ ಹಿಂದೆಲ್ಲ ತಡಕಿದೆ. ಒಂದು ಸ್ಕ್ರೂ ಸಿಕ್ಕಿದ್ದರೆ ಅದಕ್ಕೆ ಮುತ್ತು ಕೊಡುತ್ತಿದ್ದೆನೇನೋ. ಸಿಕ್ಕಲಿಲ್ಲ. ಎಲ್ಲ ಪ್ಲಾಸ್ಟಿಕ್ಕು.

ಮರುದಿನ ಬೆಳಿಗ್ಗೆ ಮುಂದಿನ ತೊಟ್ಟಿಯಿಂದ ಎರಡು ಬಸವನಹುಳು ತಂದೆ. ಒಂದನ್ನು ನಾನೇ ಹೊಸದಾಗಿ ಕಲಸಿದ ಉಪ್ಪುನೀರಿನ ಬಕೆಟ್ಟಿಗೆ ಹಾಕಿದೆ. ಇನ್ನೊಂದನ್ನು ಕಿತ್ತಳೆ ಮೀನುಗಳ ಹೊಸ ಜೋಡಿಯಿದ್ದ ತೊಟ್ಟಿಯಲ್ಲಿ, ಪೈಪಿನ ಹಿಂದೆ, ಯಾರಿಗೂ ಕಾಣದ ಹಾಗೆ ಬಿಟ್ಟೆ. ಆ ಜೋಡಿ ಮೇಷ್ಟ್ರಿಗೆ ಅಂತ ಇಟ್ಟದ್ದು. ಅವರ ಖಾಲಿ ತೊಟ್ಟಿಯ ಗಡುವು ಮುಗಿದಿತ್ತು. ‘ಈಗ ನಿಮ್ಮ ಕಣ್ಣೂ ಸರಿ ಹೋಯ್ತಲ್ಲ, ನೀವೇ ಒಂದು ಜೋಡಿ ಆರಿಸಿ ಕೊಡಿ,’ ಅಂದಿದ್ದರು ಆ ಮಹಾನುಭಾವರು. ಅವತ್ತು ಸಂಜೆ ಒಯ್ಯಲು ಬರುವವರಿದ್ದರು.

ಮಧ್ಯಾಹ್ನದ ಹೊತ್ತಿಗೆ ಬಕೆಟ್ಟಿನ ಹುಳು ಅಂಚಿನವರೆಗೆ ಹತ್ತಿ ಬಂದಿತ್ತು. ತೊಟ್ಟಿಯದ್ದು ಮರಳಿಲ್ಲದ ಬರೀ ಗಾಜಿನ ತಳದಲ್ಲಿ ಅಂಗಾತ ಬಿದ್ದು, ಚಿಪ್ಪಿನ ಮುಚ್ಚಳ ಅರ್ಧ ತೆರೆದುಕೊಂಡು, ಮೆಲ್ಲಗೆ ಮಿಸುಕುತ್ತಿತ್ತು.

ದಿನಾ ಊಟವಾದ ಮೇಲೆ ನಾನು ಮಹಡಿಯ ಮೇಲೆ ಹೋಗಿ ಕಣ್ಣು ಮುಚ್ಚಿ ಮಲಗಬೇಕು, ಗುಂಡನ ಕಟ್ಟಪ್ಪಣೆ. ಅವತ್ತು ‘ಮೇಲೆ ಹತ್ತೋಕೆ ಆಗಲ್ಲ, ಇಲ್ಲೇ ಒರಗ್ತೀನಿ,’ ಅಂದೆ. ಕಪ್ಪು ಕನ್ನಡಕ ಹಾಕಿಕೊಂಡು, ತೊಟ್ಟಿಗಳಿಗೆ ಬೆನ್ನು ಹಾಕಿ, ಪಕ್ಕದ ಗೋಡೆಗೆ ತಲೆ ಕೊಟ್ಟು ಕೂತೆ. ಕನ್ನಡಿ ಮಡಿಲಲ್ಲಿತ್ತು, ಶಾಲಿನ ಮರೆಯಲ್ಲಿ, ನನಗೆ ಬೇಕಾದಷ್ಟೇ ಓರೆಯಾಗಿ.

ಸ್ವಲ್ಪ ಹೊತ್ತಿಗೆ ಅವನು ಬಂದ. ಬಾಗಿಲಲ್ಲಿ ನಿಂತು ನನ್ನ ಉಸಿರು ಕೇಳಿಸಿಕೊಂಡ. ಅವನಿಗೂ ನಾನೇ ಕಲಿಸಿದ್ದು, ಮೊದಲು ಉಸಿರು ನೋಡು ಅಂತ. ನಾನು ನಿದ್ದೆಯವರ ಹಾಗೆ ಉಸಿರಾಡಿದೆ.

ಅವನು ಪ್ಯಾಂಟಿನ ಜೇಬಿನಿಂದ ಒಂದು ಚಿಕ್ಕ ಬಾಟಲಿ ತೆಗೆದ. ಬೆಳಕಿಗೆ ಹಿಡಿದು ನೋಡಿದ. ತುದಿಯನ್ನು ಒಂದು ಸಲ ತಟ್ಟಿದ. ಕೆಳಗಿನ ತುಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಮೇಷ್ಟ್ರ ಜೋಡಿಯ ತೊಟ್ಟಿಗೆ ನೀಲಿ ಹನಿ ಬಿಟ್ಟ. ಒಂದಾದ ಮೇಲೆ ಒಂದು, ಕೈ ನಡುಗದೆ.

ಕಣ್ಣಿಗೆ ಹನಿ ಹಾಕುವಾಗ ಮೇಲೆ ನೋಡಿದರೆ ನನಗೆ ದಿನಾ ಕಾಣುತ್ತಿದ್ದ ಅದೇ ಮುಖ. ಅದೇ ಜತನ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನನಗೆ ಬೇಕಾಯಿತು ನೋಡಿ.

‘ಇನ್ನೆರಡು ಹನಿ ಹಾಕು ಗುಂಡ,’ ಅಂದೆ, ತಿರುಗದೆ. ‘ಪೈಪಿನ ಹಿಂದೆ ಒಂದು ಬಸವನಹುಳು ಬಿಟ್ಟಿದೀನಿ, ಇನ್ನೂ ಪೂರ್ತಿ ಸತ್ತಿಲ್ಲ.’

ಅವನು ಬಾಟಲಿ ಬೀಳಿಸಲಿಲ್ಲ. ಮುಚ್ಚಳ ತಿರುಗಿಸಿ ಜೇಬಿಗೆ ಹಾಕಿಕೊಂಡ. ‘ನೀನು ಮಲಗಿಲ್ವಾ ಅಕ್ಕಾ?’

‘ಯಾವಾಗಿಂದ?’

‘ಏನು ಯಾವಾಗಿಂದ?’

‘ನನ್ನ ಮುಂದೆ ನಾಟಕ ಬೇಡ. ನಾಟಕ ನೋಡೋದೇ ನನ್ನ ಕೆಲಸ.’

ಅವನು ಖಾಲಿ ಪೆಟ್ಟಿಗೆಯ ಮೇಲೆ ಕುಕ್ಕರಿಸಿದ. ಮೊದಮೊದಲು ದನಿ ಮೆತ್ತಗಿತ್ತು, ಆಮೇಲೆ ಏರಿತು. ‘ಬಂದಿದ್ರಲ್ಲಿ ಅರ್ಧಕ್ಕರ್ಧ ನೀನು ಬೇಡ ಅಂತೀಯ. ಉಳಿದಿದ್ದನ್ನ ವಾರಗಟ್ಟಲೆ ಇಟ್ಕೋ ಅಂತೀಯ. ಯಾವ ಗಿರಾಕಿ ಕಾಯ್ತಾನೆ? ಆಚೆ ಬೀದೀಲಿ ಪೆಟ್ಟಿಗೆ ಬಿಚ್ಚಿದ ದಿನಾನೇ ಕೊಡ್ತಾರೆ. ಹೇಳಿದ್ರೆ ನೀನು ಕೇಳ್ತಿದ್ಯಾ? ಹಾರಾಡ್ತಿದ್ದೆ. ಸ್ವಲ್ಪ ಹಾಕ್ದೆ. ಕಾಣದ ಹಾಗೆ ಇದ್ರೆ ನೀನು ಹೂಂ ಅಂತೀಯ, ಎಲ್ರಿಗೂ ನೆಮ್ಮದಿ ಅಂತ.’

‘ಮೀನಿಗೆ ರೋಗ ಇರೋದು ನಿನಗೆ ಗೊತ್ತಿತ್ತು.’

‘ಎಲ್ಲದಕ್ಕೂ ಇರಲ್ಲ ಅಕ್ಕಾ.’

‘ಮೀನಿನ ಮಾತು ಬಿಡು. ನನ್ನ ಕಣ್ಣಿನ ಮಾತು ಹೇಳು.’

ಅವನು ಪೆಟ್ಟಿಗೆಯ ಅಂಚನ್ನು ಉಗುರಿನಿಂದ ಕೆರೆದ.

‘ನಾನು ಇಲ್ಲೇ ಕೂತು ಅತ್ತೆ. ನೀನು ಬೆನ್ನು ಸವರ್ತಿದ್ದೆ. ಆಗ್ಲೂ ಜೇಬಲ್ಲಿ ಬಾಟ್ಲಿ ಇತ್ತಾ?’

‘ಪೊರೆ ಇದ್ದಿದ್ದಂತೂ ನಿಜ ತಾನೇ? ಡಾಕ್ಟ್ರೇ ಹೇಳಿದ್ರು. ಇವತ್ತಲ್ಲ ನಾಳೆ ತೆಗೆಸ್ಲೇಬೇಕಿತ್ತು. ಈಗ ಚೆನ್ನಾಗಿ ಕಾಣುತ್ತಲ್ವಾ?’

‘ಕಾಣುತ್ತೆ ಕಣೋ. ತುಂಬಾ ಚೆನ್ನಾಗಿ ಕಾಣುತ್ತೆ.’

ಅವನು ಎದ್ದು ಬಂದು ನನ್ನ ಮುಂದೆ ನೆಲದ ಮೇಲೆ ಕೂತ. ಚಿಕ್ಕವನಿದ್ದಾಗ ಏನಾದರೂ ಒಡೆದು ಹಾಕಿದರೆ ಹೀಗೇ ಬಂದು ಕೂರುತ್ತಿದ್ದ. ‘ಸಂಜೆ ಮೇಷ್ಟ್ರು ಬರ್ತಾರೆ. ಅವರ ಮುಂದೆ ಏನೂ ಹೇಳ್ಬೇಡ. ನಾನು ಇನ್ಮೇಲೆ ಹಾಕಲ್ಲ, ಆಣೆ. ಈ ಸಲಕ್ಕೆ ಮಾತ್ರ... ಎಡಗಣ್ಣಿನದು ಇನ್ನೂ ಬಾಕಿ ಇದೆಯಲ್ಲ. ಆ ಕಣ್ಣಿಂದ ಹೀಗಾಯ್ತು, ಅದೂ ಆಗ್ಬಿಟ್ರೆ ಸರಿ ಹೋಗುತ್ತೆ ಅಂದ್ರೆ ಎಲ್ರೂ ನಂಬ್ತಾರೆ. ನಿನ್ನ ಮೇಲೆ ಯಾರಿಗೂ ಕೋಪ ಇಲ್ಲ ಅಕ್ಕಾ. ಪಾಪ ಅಂತಾರೆ, ಅಷ್ಟೆ.’

ಬೈಗುಳ ನನ್ನ ನಾಲಿಗೆಯ ತುದಿಯಲ್ಲಿ ಸದಾ ಸಾಲುಗಟ್ಟಿ ನಿಂತಿರುತ್ತವೆ. ಅವತ್ತು ಒಂದೂ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈಗೆ ಸಿಕ್ಕಿದ್ದು ತೆಗೆದುಕೊಂಡು ಹೊಡೆಯುತ್ತಿದ್ದೆ. ಎದುರಿಗೆ ಕೂತವನು ನಾನು ಸಾಕಿದ ಹುಡುಗ. ಅವನಿಗೆ ಸುಳ್ಳು ಹೇಳಲು ಕಲಿಸಿದ್ದು ನಾನಲ್ಲ, ಆದರೆ ಅವನ ಸುಳ್ಳು ಗುರುತಿಸಲು ಕಲಿಯದೇ ಇದ್ದದ್ದು ನಾನೇ.

ಮೇಷ್ಟ್ರು ಸಂಜೆ ಒಗೆದು ಒಣಗಿಸಿದ ಒಂದು ಡಬ್ಬಿ ಹಿಡಿದುಕೊಂಡು ಬಂದರು. ಕಾಯುವ ಕೋಣೆಯ ಬಾಗಿಲಲ್ಲಿ ನಿಂತು, ಮದುವೆಗೆ ಹೊರಟವರ ಹಾಗೆ ಕಾಲರ್ ಸರಿಮಾಡಿಕೊಂಡು, ‘ನೋಡಿದ್ರಾ ಅಕ್ಕಾ?’ ಅಂದರು. ಗುಂಡ ಗೋಡೆಗೆ ಆತುಕೊಂಡು ನಿಂತಿದ್ದ.

‘ನೋಡಿದೆ. ಈ ಮೀನು ಕೊಡಲ್ಲ ಮೇಷ್ಟ್ರೇ. ರೋಗ ಇದೆ.’

ಅವರು ತೊಟ್ಟಿಗೆ ಕಣ್ಣು ಹತ್ತಿರ ತಂದು ನೋಡಿದರು. ‘ಚೆನ್ನಾಗೇ ಇದಾವಲ್ಲ?’ ಅಂದವರು ಸಟ್ಟನೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. ‘ನೀವು ಹೆದರ್ಕೋಬೇಡಿ. ಮುದುಕಿ ವಿಷಯ ಮನಸ್ಸಿಗೆ ಹಚ್ಕೊಂಡಿದೀರಿ. ನನಗೆ ಅವತ್ತೇ ಗೊತ್ತಿತ್ತು, ನಿಮ್ಮ ತಮ್ಮ ಹೇಳಿದ್ರು. ಮುದುಕಿ ಹೋದ ಮರುದಿನವೇ ಮನೆಗೆ ಬಂದಿದ್ರು. ಅಕ್ಕನ ಕಣ್ಣು ಮಂಜಾಗಿದೆ, ಅವಳಿಗೇ ಗೊತ್ತಿಲ್ಲ, ಏನೂ ಅನ್ಬೇಡಿ ಅಂತ. ಅದಕ್ಕೇ ನಾನು ಸುಮ್ಮನಿದ್ದೆ.’

ಮುದುಕಿ ಹೋದ ಮರುದಿನ. ಅಂದರೆ ನಾನು ಕಣ್ಣಿನ ಡಾಕ್ಟರ ಮುಖ ನೋಡುವುದಕ್ಕಿಂತ ಎಷ್ಟೋ ಮೊದಲು. ನನ್ನ ಪಕ್ಕದಲ್ಲಿ ಕೂತು ‘ಬೈಬಾರ್ದು’ ಅನ್ನುವುದಕ್ಕಿಂತ ಮೊದಲು. ಊರಿಗೆಲ್ಲ ನನ್ನನ್ನು ಕುರುಡಿ ಮಾಡಿ ಆದ ಮೇಲೆ, ಕೊನೆಯಲ್ಲಿ ನನಗೆ ತಿಳಿಸಲು ಬಂದಿದ್ದ.

ನಾನು ಗುಂಡನ ಕಡೆ ನೋಡಲಿಲ್ಲ. ತಾಮ್ರದ ವಿಷಯ, ಅರೆಬರೆ ಹನಿಯ ವಿಷಯ, ಬಸವನಹುಳುವಿನ ವಿಷಯ ಎಲ್ಲವನ್ನೂ ಮೇಷ್ಟ್ರಿಗೆ ಹೇಳಿದೆ. ಅವರು ನಿಂತೇ ಕೇಳಿದರು. ಕೇಳಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

‘ಹಾಗಾದ್ರೆ ಮುದುಕಿಗೆ ಬಂದಿದ್ದು?’

‘ನಮ್ಮ ಅಂಗಡಿಯಿಂದ್ಲೇ.’

‘ನಿಮ್ಮ ಕಣ್ಣಿಂದ ಅಲ್ಲ.’

‘ಅಲ್ಲ,’ ಅಂದೆ. ‘ನನ್ನ ಕಣ್ಣು ಸರಿಯಾಗೇ ಇತ್ತು ಮೇಷ್ಟ್ರೇ.’

ಮೇಷ್ಟ್ರು ಗುಂಡನ ಕಡೆ ಒಮ್ಮೆ ನೋಡಿದರು, ಲೆಕ್ಕ ತಪ್ಪಿಸಿದ ಹುಡುಗನನ್ನು ನೋಡುವ ಹಾಗೂ ಅಲ್ಲ, ಗುರುತಿಲ್ಲದವನನ್ನು ನೋಡುವ ಹಾಗೆ. ಖಾಲಿ ಡಬ್ಬಿ ಹಿಡಿದುಕೊಂಡೇ ಹೋದರು. ಬಾಗಿಲ ಹೊರಗೆ ನಿಂತು ತಲೆ ಎತ್ತಿ ಬೋರ್ಡು ಓದಿದ್ದು ನನಗೆ ಕಂಡಿತು. ಅವರು ಹೋದ ಮೇಲೆ ನಾನು ಸ್ಟೂಲು ಒಯ್ದು, ಹತ್ತಿ, ಬೋರ್ಡನ್ನು ಬಿಚ್ಚಿ ಒಳಗೆ ತಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಗುಂಡ ಸ್ಟೂಲು ಹಿಡಿದುಕೊಳ್ಳಲು ಬಂದ. ಬೇಡ ಅಂದೆ.

ಮೇಷ್ಟ್ರ ಜೋಡಿಯನ್ನು ಬೇರೆ ತೊಟ್ಟಿಗೆ ಹಾಕಿ, ಪೂರ್ತಿ ಅಳತೆಯ ಔಷಧಿ ಶುರು ಮಾಡಿದೆ. ಮೀನು ಏನು ಪಾಪ ಮಾಡಿತ್ತು. ಬಸವನಹುಳುವನ್ನು ಒಳ್ಳೆಯ ನೀರಿನ ಬಕೆಟ್ಟಿಗೆ ಹಾಕಿ ನೋಡಿದೆ. ಅದು ಮಿಸುಕಲಿಲ್ಲ.

ಅಷ್ಟರಲ್ಲಿ ಕಣ್ಣಿನ ಹನಿಯ ಹೊತ್ತಾಗಿತ್ತು. ಗುಂಡ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮರೆತಿರಲಿಲ್ಲ, ಅದನ್ನು ಒಪ್ಪಬೇಕು.

‘ಅಕ್ಕಾ, ಹನಿ.’

ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡೆ. ಅಪ್ಪನ ಕನ್ನಡಿಯನ್ನು ಪೈಪಿಗೆ ಒರಗಿಸಿ, ತಲೆ ಹಿಂದಕ್ಕೆ ಮಾಡಿ, ರೆಪ್ಪೆ ಎಳೆದುಕೊಂಡು ಹಿಂಡಿದೆ. ಮೊದಲನೆಯದು ಮೂಗಿನ ಮೇಲೆ ಬಿತ್ತು. ಎರಡನೆಯದು ಕೆನ್ನೆಯ ಮೇಲೆ ಹರಿಯಿತು. ಮೂರನೆಯದು ಹೇಗೋ ಕಣ್ಣಿಗೆ ಸೇರಿತು.

‘ಎಡಗಣ್ಣಿನ ಆಪರೇಷನ್‌ಗೆ ನಿನ್ನ ಜೊತೆ ಯಾರು ಬರ್ತಾರೆ?’ ಅಂದ, ಮೆಲ್ಲಗೆ. ಅವತ್ತು ಪಕ್ಕದಲ್ಲಿ ಕೂತು ಮಾತಾಡಿದ್ದನಲ್ಲ, ಅದೇ ದನಿ.

‘ಆ ಕಣ್ಣಿಗೆ ಆಪರೇಷನ್ ಬೇಡ,’ ಅಂದೆ. ‘ಅದು ಹಾಗೇ ಇರಲಿ. ನಿನ್ನನ್ನ ನೋಡೋಕೆ ನನಗೆ ಅಷ್ಟು ಮಂಜು ಬೇಕು.’

ಅವನು ಅಲ್ಲೇ ನಿಂತಿದ್ದ. ನಾನು ಸ್ಟೂಲನ್ನು ಎಳೆದುಕೊಂಡು, ಅವನಿಗೆ ಬೆನ್ನು ಹಾಕಿ ಕೂತೆ. ಕನ್ನಡಿಯನ್ನು ಮಾತ್ರ ಎತ್ತಿಕೊಳ್ಳಲಿಲ್ಲ.